ಕ್ಯಾಮೆರಾ ಹೋದ ಮೇಲೆ

2021ರ ಮಾರ್ಚ್‌ನಲ್ಲಿ ನಾರ್ವೆಯ ಫುಟ್‌ಬಾಲ್ ಹುಡುಗರು ‘ಮಾನವ ಹಕ್ಕು’ ಅಂತ ಬರೆದ ಟೀ ಶರ್ಟ್ ಹಾಕ್ಕೊಂಡು ಮೈದಾನಕ್ಕೆ ಇಳಿದರು. ಮಾತು ಯಾರದ್ದು? ಇಲ್ಲಿ ಕತಾರಿನ ಬಿಸಿಲಲ್ಲಿ ಸ್ಟೇಡಿಯಂ ಕಟ್ಟುತ್ತಿದ್ದ ನಮ್ಮಂಥವರದ್ದು. ವಿಶ್ವಕಪ್ ಬಹಿಷ್ಕಾರ ಮಾಡೋಣವೇ ಅಂತ ಜೂನ್‌ನಲ್ಲಿ ಅಲ್ಲಿ ಮತಕ್ಕೂ ಹಾಕಿದರು. 368–121ರಲ್ಲಿ ಬೇಡ ಅಂತಾಯ್ತು. ನನ್ನ ಕೇಳಿದ್ರೆ ಅದೇ ಸರಿ. ಎಲ್ಲರೂ ದೂರ ಉಳಿದಿದ್ದರೆ ಈ ಕಡೆ ನೋಡೋರು ಯಾರು?

ಹೊರಗಿನವರ ಗಲಾಟೆಯಿಂದ ನಮಗೇನು ಸಿಕ್ತು ಅನ್ನೋರಿದ್ದಾರೆ. ಕಾರ್ಮಿಕ ಸಂಘಗಳು, ಪತ್ರಕರ್ತರು ವರ್ಷಗಟ್ಟಲೆ ಬಿಡದೆ ಕೇಳಿದ್ದಕ್ಕೇ 2020ರಲ್ಲಿ ಎನ್‌ಒಸಿ ಇಲ್ಲದೆ ಕೆಲಸ ಬದಲಿಸುವ ಕಾನೂನು ಬಂತು. 2021ರಿಂದ ಮೂಲ ಸಂಬಳ ಕನಿಷ್ಠ 1,000 ರಿಯಾಲ್; ಕಂಪನಿ ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ಸೇರಿಸಬೇಕು. ಸಾವಿರ ರಿಯಾಲ್ ದೊಡ್ಡ ದುಡ್ಡಲ್ಲ, ಗೊತ್ತು. ಆದರೆ ಮೊದಲು ಎಲ್ಲರಿಗೂ ಅನ್ವಯಿಸುವ ಮಿತಿಯೇ ಇರಲಿಲ್ಲ.

ಈಗ ಕ್ಯಾಮೆರಾ ಬೇರೆ ಕಡೆ ತಿರುಗಿದೆ, ಕೇಳೋ ಕೆಲಸ ನಮ್ಮದೇ. ನಿಮ್ಮ ಪಾಸ್‌ಪೋರ್ಟ್ ಕಂಪನಿ ಬೀರುವಿನಲ್ಲಿದೆಯಾ? ನೀವು ಬರೆದು ಒಪ್ಪದೆ ಇಟ್ಟುಕೊಳ್ಳುವಂತಿಲ್ಲ, ದಂಡ 25,000 ರಿಯಾಲ್ ತನಕ. ಒಪ್ಪಿ ಕೊಟ್ಟಿದ್ದರೂ ಕೇಳಿದಾಗ ವಾಪಸ್ ಕೊಡಲೇಬೇಕು. ಈ ತಿಂಗಳೇ ಕೇಳಿ, ಮೆಸೇಜಿನಲ್ಲಿ ಕೇಳಿ, ಅದರ ಫೋಟೋ ಇಟ್ಟುಕೊಳ್ಳಿ.