ಯಂತ್ರ ಬರೆದರೂ ಮಾತು ನಮ್ಮದೇ

‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಆ ಗಾದೆ ಹುಟ್ಟಿದ ಕಾಲದಲ್ಲಿ ಮಾತು ಬಾಯಿಂದ ಹೊರಡುತ್ತಿತ್ತು. ಆಡಿದವರು ಎದುರಿಗೇ ಇರುತ್ತಿದ್ದರು. ಇಂದಿನ ದಿನಮಾನಗಳಲ್ಲಿ ಅದು ಬೆರಳ ತುದಿಯಿಂದ ಹೊರಡುತ್ತದೆ. ಅಷ್ಟೇ ಅಲ್ಲ, ಬೆರಳೂ ಆಡದೆ ಯಂತ್ರವೇ ಬರೆದು, ಯಂತ್ರವೇ ಕಳುಹಿಸುವ ಕಾಲ ಬಂದಿದೆ. ಅಂತಹ ಮಾತೊಂದು ನಮ್ಮ ಕುಟುಂಬದಲ್ಲಿ ತಂದಿಟ್ಟ ಕಷ್ಟವನ್ನೂ ಅದರಿಂದ ನಾವು ಕಲಿತ ಪಾಠವನ್ನೂ ಈ ತಿಂಗಳು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಗಳ ಏಜೆಂಟ್. ಸಾಮಾನ್ಯ ಮನೆಗಳಲ್ಲ, ತಿಂಗಳಿಗೆ ಎರಡು, ಮೂರು ಲಕ್ಷ ರೂಪಾಯಿ ಬಾಡಿಗೆಯ ವಿಲ್ಲಾಗಳು, ದೊಡ್ಡ ಫ್ಲ್ಯಾಟುಗಳು. ಕೇಳಿ ಬರುವವರು ಕಂಪನಿಗಳ ಅಧಿಕಾರಿಗಳು, ಪರದೇಶದಿಂದ ಮರಳುವ ಕುಟುಂಬಗಳು. ಅವರಿಗೆ ಹಗಲಾದಾಗ ನಮಗೆ ರಾತ್ರಿ. ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಅಳುಕುತ್ತಿದ್ದವನು. ಕೃತಕ ಬುದ್ಧಿಮತ್ತೆಯ ನೆರವಿನಿಂದ ವಾಟ್ಸ್ಆ್ಯಪ್ ಸಂದೇಶಗಳಿಗೆ ಉತ್ತರ ಬರೆಯುವ ಸಾಧನವೊಂದು ಕೈಗೆ ಬಂದಾಗ ಅವನಿಗೆ ದೊಡ್ಡ ಆಸರೆ ಸಿಕ್ಕಂತಾಯಿತು. ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲಿ, ಯಾವ ಹೊತ್ತಿನಲ್ಲಿ ಕೇಳಿದರೆ ಆ ಹೊತ್ತಿನಲ್ಲಿ ಅಚ್ಚುಕಟ್ಟಾದ ಉತ್ತರ! ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಆಳು ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಆದರೆ ಆಳಿನ ಕೈಗೆ ಮನೆಯ ಕೀಲಿಕೈ ಕೊಟ್ಟು ಮಲಗುವುದು ಬೇರೆ ಮಾತು.

ಒಂದು ರಾತ್ರಿ ಸಿಂಗಪುರದಿಂದ ಸಂದೇಶ ಬಂದಿತು. “ನಮ್ಮ ತಾಯಿಯವರು ಗಾಲಿಕುರ್ಚಿಯಲ್ಲಿದ್ದಾರೆ. ಹೆಬ್ಬಾಳದ ಆಚೆಗಿನ ಆ ವಿಲ್ಲಾದ ನೆಲಮಹಡಿಯಲ್ಲಿ ಮಲಗುವ ಕೋಣೆ, ಅದಕ್ಕೆ ಹೊಂದಿದ ಸ್ನಾನದ ಮನೆ, ಮೆಟ್ಟಿಲಿಲ್ಲದ ದಾರಿ ಇವೆಯೇ?” ಹುಡುಗ ನಿದ್ರೆಯಲ್ಲಿದ್ದ. ಸಾಧನ ಎಚ್ಚರವಾಗಿತ್ತು. “ಅವಶ್ಯವಾಗಿ ಇವೆ; ಹಿರಿಯರಿಗೆ ಈ ಮನೆ ಸರ್ವರೀತಿಯಲ್ಲೂ ಅನುಕೂಲಕರವಾಗಿದೆ” ಎಂದು ಅವನ ಹೆಸರಿನಲ್ಲಿ ಉತ್ತರ ಹೋಯಿತು. ಅದನ್ನು ನಂಬಿ ಅವರು ಒಂದು ಲಕ್ಷ ರೂಪಾಯಿ ಟೋಕನ್ ಅಡ್ವಾನ್ಸ್ ಕಳುಹಿಸಿದರು, ಸಾಮಾನು ಕಟ್ಟಿದರು, ತಾಯಿಯವರನ್ನು ಕರೆದುಕೊಂಡು ಬಂದಿಳಿದರು.

ನೆಲಮಹಡಿಯಲ್ಲಿ ಕೋಣೆಯೇನೋ ಇತ್ತು. ಆದರೆ ಮುಂಬಾಗಿಲಿಗೆ ಮೂರು ಮೆಟ್ಟಿಲು. ಮಗ, ಸೊಸೆ ಇಬ್ಬರೂ ಸೇರಿ ಕುರ್ಚಿಯನ್ನು ಎತ್ತಿ ಒಳಗಿಟ್ಟರು. ಸ್ನಾನದ ಮನೆಯ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು, ಒಳಗೆ ಹೋಗಲೊಲ್ಲದು. ಎಪ್ಪತ್ತೆಂಟು ವರ್ಷದ ಆ ತಾಯಿ ಬಾಗಿಲ ಬಳಿ ತಲೆ ತಗ್ಗಿಸಿ ಕುಳಿತಿದ್ದರಂತೆ. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ತನಗೆ ಹಗುರವಾಗುತ್ತಿತ್ತು ಎಂದು ಹುಡುಗ ನನ್ನ ಮುಂದೆ ಹೇಳಿಕೊಂಡ.

“ಸುಳ್ಳು ನಾನು ಹೇಳಲಿಲ್ಲ ಮಾಮಾ, ಯಂತ್ರ ಹೇಳಿತು” ಎಂದು ಅವನು ಅಂದಾಗ, ಅಡಿಗೆ ಮನೆಯಿಂದ ನನ್ನ ತಂಗಿ ಒಂದೇ ಪ್ರಶ್ನೆ ಕೇಳಿದಳು: “ಯಾರ ಹೆಸರಿನಲ್ಲಿ ಹೋಯಿತಪ್ಪಾ ಆ ಮಾತು?”

ಅವನು ಸುಮ್ಮನಾದ. ಟೋಕನ್ ಹಣ ಮನೆಯ ಮಾಲೀಕರ ಕೈ ಸೇರಿತ್ತು. ಮರುದಿನವೇ ತನ್ನ ಕೈಯಿಂದ ಒಂದು ಲಕ್ಷವನ್ನು ಆ ಕುಟುಂಬಕ್ಕೆ ಮರಳಿಸಿದ. ತಾಯಿಯವರ ಮುಂದೆ ನಿಂತು ಕ್ಷಮೆ ಕೇಳಿದ. ಆ ವಾರ ನಾವಿಬ್ಬರೂ ಕುಳಿತು ಒಂದು ಹಾಳೆಯ ಮೇಲೆ ಏಳು ನಿಯಮಗಳನ್ನು ಬರೆದೆವು. ಈ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ಬಹುಮಂದಿ. ಮನೆಯನ್ನು ಬಾಡಿಗೆಗೆ ಕೊಟ್ಟ, ಬಾಡಿಗೆಗೆ ಹಿಡಿಯುವ ಕುಟುಂಬಗಳು ಇನ್ನೂ ಬಹಳ. ಆದುದರಿಂದ ಅವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದು: ಕಂಡು ಬರೆದಿಟ್ಟದ್ದನ್ನು ಮಾತ್ರ ಸಾಧನದ ಬಾಯಿಂದ ಹೇಳಿಸಬೇಕು. ಈ ಸಾಧನ ಮನೆಯನ್ನು ಕಂಡಿಲ್ಲ. ಅಪಾರ ಬರಹದ ರಾಶಿಯಿಂದ ಕಲಿತು, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಅದು ವಾಕ್ಯ ಕಟ್ಟುತ್ತದೆ. ಐಷಾರಾಮಿ ಮನೆಗಳ ವರ್ಣನೆಗಳಲ್ಲಿ ‘ಸಕಲ ಅನುಕೂಲ’ ಎಂಬ ಮಾತು ಹೆಚ್ಚಾಗಿ ಬರುವುದರಿಂದ ಇಲ್ಲಿಯೂ ಅದನ್ನೇ ಬರೆಯಿತು. ಅದಕ್ಕೆ ಸುಳ್ಳು ಹೇಳುವ ಉದ್ದೇಶವಿಲ್ಲ. ನಿಜದ ಅರಿವೂ ಇಲ್ಲ. ಆದ್ದರಿಂದ ಪ್ರತಿ ಮನೆಗೂ ಒಂದು ವಿವರಪಟ್ಟಿ ಇರಲಿ: ಬಾಡಿಗೆ, ಮುಂಗಡ, ನಿರ್ವಹಣಾ ವೆಚ್ಚ, ಕಾವೇರಿ ನೀರೋ ಬೋರ್‌ವೆಲ್ಲೋ ಟ್ಯಾಂಕರೋ, ಜನರೇಟರ್, ಲಿಫ್ಟ್, ಮೆಟ್ಟಿಲುಗಳ ಸಂಖ್ಯೆ, ಬಾಗಿಲುಗಳ ಅಗಲ, ಖುದ್ದಾಗಿ ನೋಡಿದ ದಿನಾಂಕ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ‘ನೋಡಿ ತಿಳಿಸುತ್ತೇವೆ’ ಎಂಬುದೊಂದೇ ಉತ್ತರವಾಗಬೇಕು.

ಎರಡನೆಯದು: ಹಣ, ಕಾನೂನು, ಆರೋಗ್ಯ, ವಾಗ್ದಾನ ಈ ನಾಲ್ಕು ವಿಷಯಗಳ ಸಂದೇಶವನ್ನು ಓದದೆ ಕಳುಹಿಸಕೂಡದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲದ್ದು. ಎರಡು ಲಕ್ಷ ಬಾಡಿಗೆಯ ಮನೆಗೆ ಅದು 20 ಲಕ್ಷವಾಗುತ್ತದೆ; ಒಂದು ಸೊನ್ನೆ ತಪ್ಪಿದರೂ ಅನರ್ಥ. ಸಾಧನದ ತಿಳಿವಳಿಕೆ ಹಳೆಯದೂ ಆಗಿರಬಹುದು. ಭಾರತದಲ್ಲೇ ನೆಲೆಸಿದ ಮಾಲೀಕರಿಗೆ ವ್ಯಕ್ತಿಯೊಬ್ಬರು ತಿಂಗಳಿಗೆ 50,000 ರೂಪಾಯಿ ಮೀರಿ ಬಾಡಿಗೆ ಕೊಡುವಾಗ ಮೂಲದಲ್ಲೇ ಮುರಿದುಕೊಳ್ಳಬೇಕಾದ ಆದಾಯ ತೆರಿಗೆಯ ದರ 2024ರ ಅಕ್ಟೋಬರ್ 1ರಿಂದ ಶೇಕಡಾ 5ರಿಂದ 2ಕ್ಕೆ ಇಳಿಯಿತು. ಹಳೆಯ ಬರಹವನ್ನೇ ಓದಿಕೊಂಡ ಸಾಧನ ಇಂದಿಗೂ 5 ಎಂದೀತು. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ನಿಯಮವೇ ಬೇರೆ. ಆ 50,000ದ ಮಿತಿ ಅಲ್ಲಿ ಇಲ್ಲ. ಹಾಗೆಯೇ, ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಕಂಪನಿಗಳು ಎರಡು ಮೂರು ವರ್ಷಕ್ಕೆ ಮನೆ ಹಿಡಿಯುವಾಗ, ಹನ್ನೊಂದು ತಿಂಗಳ ಕರಾರಿನ ರೂಢಿಯ ಮಾತನ್ನು ಸಾಧನ ಅಲ್ಲಿಗೂ ಅಂಟಿಸಿಬಿಟ್ಟರೆ ಗತಿಯೇನು? ಇಂತಹ ಪ್ರಶ್ನೆಗಳನ್ನು ಲೆಕ್ಕಪರಿಶೋಧಕರಿಗೆ, ವಕೀಲರಿಗೆ ಒಪ್ಪಿಸುವುದೇ ಜಾಣತನ.

‘ಯಂತ್ರ ಹೇಳಿತು’ ಎಂಬ ನೆಪ ನ್ಯಾಯಾಸ್ಥಾನದಲ್ಲಿಯೂ ನಿಂತಿಲ್ಲ ಎಂಬುದಕ್ಕೆ ಕೆನಡಾದ ಒಂದು ಪ್ರಕರಣ ಸಾಕ್ಷಿ. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡು ವಿಮಾನ ಹತ್ತಬೇಕಾದವರೊಬ್ಬರಿಗೆ ಏರ್ ಕೆನಡಾ ಸಂಸ್ಥೆಯ ಉತ್ತರಿಸುವ ಯಂತ್ರ, ಸಾವಿನ ಸಂದರ್ಭದ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದೆಂದು ತಪ್ಪು ಹೇಳಿತು. ಯಂತ್ರವು ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ಘಟಕವೆಂದು ಸಂಸ್ಥೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಅಡಿಗೆ ಮನೆಯಿಂದ ನನ್ನ ತಂಗಿ ಕೇಳಿದ ಪ್ರಶ್ನೆಯ ತಿರುಳೂ ಇದೇ ಅಲ್ಲವೇ?

ಮೂರನೆಯದು: ಉತ್ತರಿಸುತ್ತಿರುವುದು ಯಂತ್ರವಾದರೆ ಹಾಗೆಂದು ಮೊದಲ ಸಾಲಿನಲ್ಲೇ ಹೇಳಬೇಕು. ಯಂತ್ರವನ್ನು ಮನುಷ್ಯನೆಂದು ನಂಬಿಸಿ ಸರಕು ಮಾರುವುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈ 1ರಿಂದ ಕಾನೂನಿನಿಂದಲೇ ತಡೆದಿದೆ. ನಮಗೆ ಕಾನೂನಿನ ಬೆತ್ತ ಬೇಕೇ? ಎದುರಿಗಿರುವುದು ಯಂತ್ರವೆಂದು ಗೊತ್ತಿದ್ದರೆ ಆ ಸಿಂಗಪುರದ ಮಗ ಇನ್ನೊಮ್ಮೆ ಫೋನ್ ಮಾಡಿ ಕೇಳುತ್ತಿದ್ದನೇನೋ.

ನಾಲ್ಕನೆಯದು: ಇಲ್ಲದ ಅವಸರವನ್ನು ಹುಟ್ಟಿಸಬಾರದು. ‘ಇನ್ನಿಬ್ಬರು ಕಾದಿದ್ದಾರೆ, ಇಂದೇ ಟೋಕನ್ ಕೊಡಿ’ ಎಂಬ ಸಾಲನ್ನು ಸಾಧನ ಬಹು ಸೊಗಸಾಗಿ ಬರೆಯುತ್ತದೆ. ಇಬ್ಬರು ನಿಜವಾಗಿಯೂ ಕಾದಿದ್ದರೆ ಹೇಳಿರಿ. ಇಲ್ಲದಿದ್ದರೆ ಅದು ವಂಚನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಆ ಪಟ್ಟಿಯ ಮೊದಲ ಹೆಸರೇ ಸುಳ್ಳು ಅವಸರ.

ಐದನೆಯದು: ಹೆಸರು ನೋಡಿ ಮಣೆ ಹಾಕುವ ಕೆಲಸವನ್ನು ಯಂತ್ರಕ್ಕೆ ಕಲಿಸಬಾರದು. ಈ ಮಾತು ಸ್ವಲ್ಪ ಕಹಿಯಾದರೂ ಹೇಳದಿರಲಾರೆ. ನಮ್ಮ ಹಳೆಯ ಉತ್ತರಗಳನ್ನು ಮಾದರಿಯಾಗಿ ಕೊಟ್ಟರೆ ಸಾಧನ ಅವನ್ನೇ ಅನುಸರಿಸುತ್ತದೆ. ಕೆಲವು ಹೆಸರುಗಳಿಗೆ ನಾವು ತಡವಾಗಿ, ಚುಟುಕಾಗಿ ಉತ್ತರಿಸಿದ್ದರೆ, ಒಂಟಿ ಹೆಣ್ಣುಮಗಳು ಕೇಳಿದಾಗ ‘ಮನೆ ಹೋಯಿತು’ ಎಂದಿದ್ದರೆ, ಅದೂ ಹಾಗೆಯೇ ಮಾಡೀತು. ಅಮೆರಿಕದಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವುದನ್ನು 1968ರ ಕಾಯಿದೆ ನಿಷೇಧಿಸಿತು. 1988ರಲ್ಲಿ ಅಂಗವೈಕಲ್ಯ ಹಾಗೂ ಮಕ್ಕಳಿರುವ ಕುಟುಂಬಗಳನ್ನೂ ಅದರ ರಕ್ಷಣೆಗೆ ಸೇರಿಸಲಾಯಿತು. ಮನೆಯ ಜಾಹೀರಾತುಗಳನ್ನು ಯಾರಿಗೆ ತೋರಿಸಬೇಕೆಂದು ನಿರ್ಧರಿಸುವ ಯಂತ್ರವ್ಯವಸ್ಥೆ ಭೇದ ಮಾಡುತ್ತದೆಂದು ಅಲ್ಲಿನ ಸರ್ಕಾರ ಫೇಸ್‌ಬುಕ್ ಒಡೆತನದ ಮೆಟಾ ಸಂಸ್ಥೆಯ ಮೇಲೆ ದಾವೆ ಹೂಡಿ, 2022ರಲ್ಲಿ 1,15,054 ಡಾಲರ್ ದಂಡದೊಡನೆ ಆ ವ್ಯವಸ್ಥೆಯನ್ನೇ ಬದಲಾಯಿಸಲು ಒಪ್ಪಿಸಿತು. ನಮ್ಮಲ್ಲಿ ಮಾಲೀಕರು ‘ಮನೆಯಲ್ಲಿ ಮಾಂಸದ ಅಡಿಗೆ ಬೇಡ’ ಎನ್ನುವುದುಂಟು. ಅಂತಹ ಷರತ್ತು ಇದ್ದರೆ ಅದನ್ನು ಮಾಲೀಕರಿಂದ ಬರೆಯಿಸಿಕೊಂಡು ಕೇಳಿದ ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಸಿರಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಹೆಸರಿನಿಂದ ಊಟವನ್ನೂ, ಊಟದಿಂದ ಗುಣವನ್ನೂ ಊಹಿಸಿ ಬಾಗಿಲು ಹಾಕುವುದು ಸಲ್ಲದು.

ಆರನೆಯದು: ಜನರ ಕಾಗದಪತ್ರಗಳನ್ನು ಸಾಧನದ ಮುಂದೆ ಸುರಿಯಬಾರದು. ಬಾಡಿಗೆದಾರರು ನಂಬಿ ಕೊಟ್ಟ ಆಧಾರ್, ಪಾಸ್‌ಪೋರ್ಟ್, ಸಂಬಳದ ಚೀಟಿಗಳ ಪ್ರತಿಯನ್ನು ‘ಇದನ್ನು ಓದಿ ಉತ್ತರ ಬರೆ’ ಎಂದು ಹಾಕಿದರೆ ಅವು ಯಾವ ಊರಿನ ಯಾವ ಗಣಕದಲ್ಲಿ ಉಳಿಯುತ್ತವೆಯೋ ಬಲ್ಲವರಾರು? ನಮ್ಮ ದೇಶದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತವಾಯಿತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ದತ್ತಾಂಶವನ್ನು ಕಾಪಾಡುವಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆಧಾರ್ ಬೇಕೇಬೇಕಾದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೇಳಿರಿ.

ಏಳನೆಯದು: ಬೇಡವೆಂದವರನ್ನು ಬಿಟ್ಟುಬಿಡಬೇಕು. ಯಂತ್ರಕ್ಕೆ ದಣಿವಿಲ್ಲ, ನಾಚಿಕೆಯಿಲ್ಲ. ಒಂದೇ ಮನೆಯ ವಿಷಯವನ್ನು ಹತ್ತು ಸಲ ಹತ್ತು ಬಗೆಯಲ್ಲಿ ಬರೆಯಬಲ್ಲದು. ಪಡೆಯುವವರು ಮನುಷ್ಯರು. ಒಪ್ಪಿಗೆ ಕೊಟ್ಟವರಿಗೆ ಮಾತ್ರ ಸಂದೇಶ ಹೋಗಲಿ. ರಾತ್ರಿ ಕೇಳಿದವರಿಗೆ ರಾತ್ರಿ ಉತ್ತರಿಸಬಹುದು. ಕೇಳದವರ ನಿದ್ರೆ ಕೆಡಿಸಬಾರದು. ಹಿರಿಯರಿಗೆ ಕನ್ನಡದಲ್ಲಿ ಬರೆಯಿಸುವಾಗ ‘ನೀನು’ ‘ನೀವು’ಗಳ ಕಡೆಗೂ ಕಣ್ಣಿರಲಿ. ಎಷ್ಟೇ ನಯವಾಗಿ ಬರೆದರೂ ಆ ಎರಡು ಅಕ್ಷರ ತಪ್ಪಿದರೆ ಮರ್ಯಾದೆ ಹೋದಂತೆಯೇ.

ಮನೆ ಹುಡುಕುವ ಕುಟುಂಬಗಳಿಗೂ ಒಂದು ಮಾತು. ಸಂದೇಶ ಎಷ್ಟು ಸುಂದರವಾಗಿದ್ದರೂ ಹಣ ಕೊಡುವ ಮುನ್ನ ಒಮ್ಮೆ ಧ್ವನಿ ಕೇಳಿರಿ. ನಿಮ್ಮವರೊಬ್ಬರನ್ನು ಕಳುಹಿಸಿ ಮನೆ ನೋಡಿಸಿರಿ. ನಿಮಗೆ ಮುಖ್ಯವಾದ ಅನುಕೂಲವನ್ನು ಕರಾರಿನಲ್ಲಿ ಬರೆಯಿಸಿರಿ. ಮನೆ ಕೊಡುವ ಮಾಲೀಕರೂ ತಮ್ಮ ಏಜೆಂಟರು ತಮ್ಮ ಪರವಾಗಿ ಏನು ಹೇಳುತ್ತಿದ್ದಾರೆಂದು ಆಗಾಗ್ಗೆ ಓದಿ ನೋಡುವುದು ಒಳಿತು.

ಆ ಕುಟುಂಬಕ್ಕೆ ಕೊನೆಗೆ ಮನೆ ಸಿಕ್ಕಿತು. ಇಪ್ಪತ್ತು ದಿನಗಳ ಕಾಲ ಹುಡುಗ ತಾನೇ ಅಲೆದು, ಬಾಗಿಲುಗಳ ಅಗಲವನ್ನು ಟೇಪು ಹಿಡಿದು ಅಳೆದು, ಗಾಲಿಕುರ್ಚಿ ಸರಾಗವಾಗಿ ಹಾಯುವ ಫ್ಲ್ಯಾಟೊಂದನ್ನು ಹುಡುಕಿಕೊಟ್ಟ. ದಲ್ಲಾಳಿಯ ರೂಪದಲ್ಲಿ ಅವನಿಗೆ ಸಲ್ಲುವ ಒಂದು ತಿಂಗಳ ಬಾಡಿಗೆಯನ್ನು ಅವರಿಂದ ಅವನು ತೆಗೆದುಕೊಳ್ಳಲಿಲ್ಲ. ಸಾಧನವನ್ನು ಅವನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ. ಮೊನ್ನೆ ಊರಿಗೆ ಬಂದಾಗ ಫೋನು ತೆರೆದು, ಹಿಂದಿನ ರಾತ್ರಿ ಅದು ಕಳುಹಿಸಿದ ಉತ್ತರವೊಂದನ್ನು ತೋರಿಸಿದ: “ಇದು ಯಂತ್ರದ ಉತ್ತರ. ನೀವು ಕೇಳಿದ ಬಾಗಿಲಿನ ಅಳತೆ ನನ್ನಲ್ಲಿ ಇಲ್ಲ. ನಾಳೆ ಬೆಳಿಗ್ಗೆ ಅಳೆದು ತಿಳಿಸಲಾಗುವುದು.”

ನನ್ನ ತಂಗಿ ಅದನ್ನು ಎರಡು ಸಲ ಓದಿದಳು. “ಅಳೆದು ಬಂದೆಯಾ?” ಎಂದು ಕೇಳಿದಳು. “ಅಳೆದು, ತಿಳಿಸಿಯೇ ಬಸ್ಸು ಹತ್ತಿದೆನವ್ವಾ” ಎಂದ. ಅವಳು ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು.