ಡೀಸೆಲ್ ದುಡ್ಡು ಪಡೆದರೆ ಸೇವೆ ಬಾಡಿಗೆಯಾಗುತ್ತದೆಯೇ?

ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾರಕ್ಕೆ ಎರಡು-ಮೂರು ಸಲ ಆಸ್ಪತ್ರೆ ಮುಟ್ಟಲೇಬೇಕು. 108 ಆಂಬುಲೆನ್ಸ್ ಇರುವುದು ತುರ್ತಿಗೆ; ದಿನ ಗೊತ್ತಿರುವ ಚಿಕಿತ್ಸೆಗೆ ಅದು ಬರುವುದಿಲ್ಲ. ಬಸ್ಸಿದೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯೂ ಇಲ್ಲ. ಆದರೆ ಚಿಕಿತ್ಸೆ ಮುಗಿಸಿ ಬಸವಳಿದ ಜೀವ ತುಂಬಿದ ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು, ಬಿಸಿಲಲ್ಲಿ ಊರ ತನಕ ನಡೆಯಬೇಕು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕುಷ್ಟಗಿಯ ತಾವರಗೇರಾ, ಹನುಮಸಾಗರದ ಕಡೆ ಇರಲಿ, ಯಲಬುರ್ಗಾದ ಬೇವೂರಿನ ಕಡೆ ಇರಲಿ, ರಸ್ತೆಯಿಂದ ಒಳಗಿರುವ ಹಳ್ಳಿಗಳ ಪಾಡು ಇದೇ.

ಇಂಥವರಿಗಾಗಿ ಊರವರೇ ಒಂದು ವಾಹನ ಬಿಡಬಹುದಲ್ಲ? ಬಿಡಬಹುದು. 2019ರಲ್ಲಿ ಗವಿಮಠದ ಶ್ರೀಗಳ ಕರೆಗೆ ಓಗೊಟ್ಟು ಹಿರೇಹಳ್ಳದ ಹೂಳೆತ್ತಿದ ಜಿಲ್ಲೆಗೆ ಮನಸ್ಸಿನ ಕೊರತೆಯಿಲ್ಲ. ತೊಡಕಿರುವುದು ಕಾಗದಪತ್ರದಲ್ಲಿ. ಅದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆ ಮೊದಲು ನೋಡುವುದು ದುಡ್ಡನ್ನು. ಬಾಡಿಗೆಗಾಗಿ ಅಥವಾ ಪ್ರತಿಫಲಕ್ಕಾಗಿ ಜನರನ್ನು ಸಾಗಿಸುವ ವಾಹನ ಸಾರ್ವಜನಿಕ ಸೇವಾ ವಾಹನ. ಅದಕ್ಕೆ ಹಳದಿ ಬೋರ್ಡು ಬೇಕು, 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಕು, ಎಫ್‌ಸಿ, ಅಂದರೆ ವಾಹನದ ಸುಸ್ಥಿತಿ ಪ್ರಮಾಣಪತ್ರ, ಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ‘ನಾವು ಲಾಭ ಮಾಡುವುದಿಲ್ಲ, ಡೀಸೆಲ್ ಖರ್ಚಿಗೆ ತಲೆಗೆ ಇಪ್ಪತ್ತು ರೂಪಾಯಿ ತಗೊಳ್ತೀವಿ’ ಎನ್ನುವ ಸಂಘಕ್ಕೆಂದು ಕಾಯ್ದೆಯಲ್ಲಿ ಬೇರೆ ಬಾಗಿಲಿಲ್ಲ. ಸೀಟಿಗೆ ಇಷ್ಟು ಎಂದು ಹಣ ಪಡೆದ ಕೂಡಲೇ ಬಿಳಿ ಬೋರ್ಡಿನ ಖಾಸಗಿ ಕ್ರೂಸರ್ ಬಾಡಿಗೆ ವಾಹನದ ಲೆಕ್ಕಕ್ಕೆ ಹೋಗುವ ಅಪಾಯವಿದೆ.

ಹಾಗಾಗಿ ಬಿಳಿ ಬೋರ್ಡಿನಲ್ಲೇ ಸೇವೆ ಮಾಡುವವರು ಕೂರುವವರಿಂದ ಏನನ್ನೂ ಪಡೆಯದಿರುವುದು ಕ್ಷೇಮ. ಡೀಸೆಲ್ಲಿಗೆ ಊರಲ್ಲಿ ದೇಣಿಗೆ ಎತ್ತಲಿ, ಸಂಘದ ಹೆಸರಿನ ಖಾತೆಗೆ ಹಾಕಲಿ, ರಸೀದಿ ಕೊಡಲಿ. ಯಾರು ಕೊಟ್ಟರು ಎಂಬುದಕ್ಕೂ ಯಾರು ಕೂತರು ಎಂಬುದಕ್ಕೂ ಸಂಬಂಧ ಇರಬಾರದು. ಗಾಡಿಯೊಳಗೆ ಹುಂಡಿ ಇಡುವುದೂ ಬೇಡ.

ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ಶೂರೆನ್ಸ್. ಖಾಸಗಿ ಕಾರಿನ ಪಾಲಿಸಿ ಕಾಗದವನ್ನು ಒಮ್ಮೆ ಬಿಡಿಸಿ ನೋಡಿ. ವಾಹನದ ಬಳಕೆಯ ಮಿತಿ ಎಂಬ ಭಾಗದಲ್ಲಿ, ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸಿದರೆ ರಕ್ಷಣೆ ಇಲ್ಲ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಇಪ್ಪತ್ತು ರೂಪಾಯಿಯನ್ನೇ ಮುಂದಿಟ್ಟುಕೊಂಡು ಕಂಪನಿ ಅಪಘಾತದ ಹೊರೆ ಕೊಡವಿಕೊಳ್ಳಲು ನೋಡಬಹುದು. ಹಣ ಪಡೆಯದಿದ್ದರೂ ಚಿಂತೆ ತಪ್ಪಿತು ಎನ್ನುವಂತಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಉಚಿತವಾಗಿ ಕೂತವರಿಗೆ ಪರಿಹಾರ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ನಮ್ಮ ಜನ ‘ಫುಲ್ ಇನ್ಶೂರೆನ್ಸ್’ ಎನ್ನುವುದು, ಇರಲೇಬೇಕು. ಸುಪ್ರೀಂ ಕೋರ್ಟಿನ ತೀರ್ಪುಗಳು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿವೆ.

ಚಾಲಕನದು ಇನ್ನೊಂದು ಕತೆ. 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ ಇರುವುದು ಲೈಸೆನ್ಸ್ ಹೊಂದಿದ ಮಾಲೀಕನಿಗೆ. ಗೆಳೆಯನ ಗಾಡಿಯನ್ನು ಸೇವೆಗೆಂದು ಓಡಿಸುವ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. ವಾಹನ ಟ್ರಸ್ಟಿನ ಹೆಸರಲ್ಲಿದ್ದರೂ ಅಷ್ಟೇ. ಅವನ ಹೆಸರಿನಲ್ಲಿ ಬೇರೆ ವಿಮೆ ಮಾಡಿಸದೆ ಕೀಲಿ ಕೊಡಬಾರದು, ಅವನ ಮನೆಯಲ್ಲೂ ದಾರಿ ಕಾಯುವವರಿದ್ದಾರೆ.

ಗವಿಮಠದ ಜಾತ್ರೆಗೆ, ಹುಲಿಗಿಗೆ, ಅಂಜನಾದ್ರಿಗೆ ಜನರನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಟಾಟಾ ಏಸಿನಲ್ಲಿ ಹೇರಿಕೊಂಡು ಹೋಗುವುದನ್ನೂ ಸೇವೆ ಎಂದೇ ಕರೆಯುತ್ತೇವೆ. ಸರಕಿನ ವಾಹನದಲ್ಲಿ ಹಾಗೆ ಕೂತವರಿಗೆ ವಿಮೆಯ ರಕ್ಷಣೆ ಇಲ್ಲ ಎಂದು 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ನಿಲ್ಲಿಸಬೇಕು. ಭಕ್ತಿಯ ಹೆಸರಲ್ಲಿ ಇದಕ್ಕೆ ವಿನಾಯಿತಿ ಕೇಳುವುದೂ ತಪ್ಪು.

ಇನ್ನು ಅಪಘಾತದಲ್ಲಿ ನೆರವಾದವರನ್ನು ಕಾಪಾಡುವ, ಮೋಟಾರು ವಾಹನ ಕಾಯ್ದೆಯ 134ಎ ಕಲಮು. ಗಾಯಾಳುವಿಗೆ ಸ್ಥಳದಲ್ಲಿ ನೆರವಾದವರಿಗೆ ಮಾತ್ರ ಅದು ರಕ್ಷಣೆ, ದಿನವಹಿ ವಾಹನ ಬಿಡುವವರಿಗಲ್ಲ. ಆಂಬುಲೆನ್ಸಿಗೆ ಮತ್ತು ಶವ ಸಾಗಿಸುವ ವಾಹನಕ್ಕೆ ಪರ್ಮಿಟ್ ವಿನಾಯಿತಿ ಉಂಟು. ಆದರೆ ಓಮ್ನಿಗೆ ಕೆಂಪು ಗುರುತು ಬಳಿದ ಮಾತ್ರಕ್ಕೆ ಅದು ಆಂಬುಲೆನ್ಸ್ ಆಗುವುದಿಲ್ಲ, ಹಾಗೆಂದೇ ನೋಂದಣಿಯಾಗಿರಬೇಕು.

ಬ್ರಿಟನ್ನಿನಲ್ಲಿ 1985ರ ಸಾರಿಗೆ ಕಾಯ್ದೆಯ 19ನೇ ಕಲಮು ಲಾಭರಹಿತ ಸಂಸ್ಥೆಗಳಿಗೆ ಪ್ರತ್ಯೇಕ ಪರ್ಮಿಟ್ ಕೊಡುತ್ತದೆ. ಅದರಡಿ ಖರ್ಚಿನಷ್ಟು ಹಣ ಪಡೆದರೂ ಅದು ಬಾಡಿಗೆ ವ್ಯಾಪಾರವಲ್ಲ. ನಮ್ಮಲ್ಲೂ ದಾರಿ ಪೂರಾ ಮುಚ್ಚಿಲ್ಲ: 66ನೇ ಕಲಮಿನ ಮೂರನೇ ಉಪಕಲಮು, ಸಾರ್ವಜನಿಕ ಉದ್ದೇಶಕ್ಕೆ ಬಳಸುವ ವಾಹನಗಳನ್ನು ಪರ್ಮಿಟ್ಟಿನಿಂದ ಹೊರಗಿಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ರೋಗಿಗಳನ್ನು, ಅಂಗವಿಕಲರನ್ನು, ವೃದ್ಧರನ್ನು ಸಾಗಿಸುವ ನೋಂದಾಯಿತ ಸಂಘಗಳಿಗೆ ಅದನ್ನು ಬಳಸಬಹುದು. ಜಿಲ್ಲೆಯ ಶಾಸಕರು ಇದನ್ನು ಸದನದಲ್ಲಿ ಕೇಳಬೇಕು.

ಅಲ್ಲಿಯವರೆಗೆ ಸಣ್ಣದಾಗಿ ಶುರು ಮಾಡುವುದೇ ಜಾಣತನ. ಹಳ್ಳಿಯಿಂದ ಆಸ್ಪತ್ರೆ ತನಕ ಅಲ್ಲದಿದ್ದರೂ ಮನೆಯಿಂದ ಕ್ರಾಸಿನ ಬಸ್ಸಿನ ತನಕ ಬಿಟ್ಟು, ಮರಳಿ ಕರೆತಂದರೂ ರೋಗಿಯ ಅರ್ಧ ಬವಣೆ ಕಡಿಮೆಯಾಗುತ್ತದೆ. ಹೊರಡುವ ಮೊದಲು ಆರ್‌ಸಿ, ಪಾಲಿಸಿ, ಚಾಲಕನ ಲೈಸೆನ್ಸ್ ಹಿಡಿದುಕೊಂಡು ಕೊಪ್ಪಳದ ಆರ್‌ಟಿಒ ಕಚೇರಿಗೆ ಹೋಗಿ, ಮಾಡಲಿರುವ ಕೆಲಸವನ್ನು ಅರ್ಜಿಯಲ್ಲಿ ಬರೆದು ಕೊಡಿ. ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ.