ಹೆಬ್ಬಾಳದಲ್ಲಿ ಊಟಕ್ಕೆ ಎಲ್ಲಿ ಕೂರಬೇಕು?

ಹೆಬ್ಬಾಳ ಎಂದೊಡನೆ ಬೆಂಗಳೂರಿನ ಮೇಲ್ಸೇತುವೆ ನೆನಪಾಗುವುದು ಸಹಜ. ಇದು ಮೈಸೂರಿನ ಹೆಬ್ಬಾಳ. ಮುಂಬಯಿಯ ದಲಾಲ್ ಸ್ಟ್ರೀಟಿನಂಥ ಹಣಕಾಸಿನ ಬೀದಿ ಮೈಸೂರಿಗಿಲ್ಲ. ಕಾರ್ಖಾನೆಗಳು, ಇನ್ಫೋಸಿಸ್ ಸಂಸ್ಥೆಯ ವಿಶಾಲ ತರಬೇತಿ ಕೇಂದ್ರ ಇರುವ ಈ ಭಾಗದಲ್ಲೇ ಸಂಬಳದ ದುಡ್ಡು ಓಡಾಡುತ್ತದೆ. ದುಡ್ಡು ಓಡಾಡುವ ಕಡೆ ಹೋಟೆಲುಗಳೂ ಏಳುತ್ತವೆ. ತರಬೇತಿ ಕೇಂದ್ರದ ಒಳಗೇ ಊಟದ ವ್ಯವಸ್ಥೆ ಇದ್ದರೂ, ರಜಾ ದಿನ ಹೊರಗೆ ಉಣ್ಣುವ ಆಸೆ ಯಾವ ಹುಡುಗ ಹುಡುಗಿಯರಿಗಿಲ್ಲ? ಮಕ್ಕಳನ್ನು ನೋಡಲು ಬಂದ ತಂದೆತಾಯಿಗೂ ಒಂದು ಒಳ್ಳೆಯ ಹೋಟೆಲು ಬೇಕು.

ಹೆಚ್ಚಿನವರು ಬೋರ್ಡು, ದೀಪ, ಎ.ಸಿ. ನೋಡಿ ಒಳಗೆ ಹೋಗುತ್ತಾರೆ. 1950ರಿಂದ ಸಿಎಫ್‌ಟಿಆರ್‌ಐ ಇರುವ ಊರಿನಲ್ಲಿ ಹೀಗಾಗುವುದು ಸ್ವಲ್ಪ ಸೋಜಿಗವೇ. ಮೊದಲು ನೋಡಬೇಕಾದದ್ದು ಗಡಿಯಾರ.

ಅನ್ನವನ್ನೇ ತೆಗೆದುಕೊಳ್ಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಇರುವುದುಂಟು. ಕುದಿಸಿದರೂ ಇವು ಸಾಯುವುದಿಲ್ಲ. ಅನ್ನ ಆರಿ ಹಾಗೇ ಉಳಿದರೆ ಮೊಳೆತು ವೃದ್ಧಿಯಾಗುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಆಹಾರ ಬಹಳ ಹೊತ್ತು ಇರಬಾರದು ಎನ್ನುವುದು ಇದಕ್ಕೇ. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಒಂದು ಬ್ಯಾಕ್ಟೀರಿಯ ನಾಲ್ಕು ಗಂಟೆಯಲ್ಲಿ ಎಷ್ಟಾಗುತ್ತದೆ? 2ರ ಘಾತ 12, ಅಂದರೆ 4096. ಆರು ಗಂಟೆಗೆ ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಲಿ. ಇದರ ಕೆಲವು ತಳಿಗಳು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಮಧ್ಯಾಹ್ನದ ಅನ್ನ ಸಂಜೆ ಫ್ರೈಡ್ ರೈಸ್ ಆಗಿ ಹೊಗೆಯಾಡುತ್ತಾ ಬಂದರೂ ಅಪಾಯ ಹೋಗಿರುವುದಿಲ್ಲ. ಮನೆಯಿಂದ ದೂರವಿದ್ದು, ಮರುದಿನ ಪರೀಕ್ಷೆ ಇರುವ ಹುಡುಗನಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಮಧ್ಯಾಹ್ನ ಒಂದು ಗಂಟೆಗೆ ಜನ ನಿಂತು ಕಾಯುವ, ಅನ್ನದ ಪಾತ್ರೆ ಖಾಲಿಯಾಗಿ ಮತ್ತೆ ಬಿಸಿಯಾಗಿ ಬರುವ ಸಾಮಾನ್ಯ ಮೆಸ್ಸೇ ಮೇಲು. ಅದೇ ಮೆಸ್ಸಿಗೆ ನಾಲ್ಕು ಗಂಟೆಗೆ ಹೋದರೆ ಊಟ ಬೇಡ; ಕಣ್ಣೆದುರು ಕಾವಲಿಯಿಂದ ಏಳುವ ದೋಸೆ ಸಾಕು. ನೂರಿಪ್ಪತ್ತು ತಿನಿಸಿನ ಪಟ್ಟಿ ಇಟ್ಟು, ಎರಡೇ ಮೇಜು ತುಂಬಿರುವ ಹೋಟೆಲಿನಲ್ಲಿ ಅಷ್ಟೂ ಸಾಮಗ್ರಿ ಎಷ್ಟು ದಿನದಿಂದ ಫ್ರಿಜ್ಜಿನಲ್ಲಿದೆ ಎಂದು ಅನುಮಾನಪಡುವುದು ತಪ್ಪಲ್ಲ.

ಬಾಣಲೆಯ ಕಡೆಗೂ ಒಂದು ಕಣ್ಣಿರಲಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಕಟ್ಟುತ್ತದೆ. ಗೋಬಿ ಮಂಚೂರಿ ಕಡುಗೆಂಪಾಗಿದ್ದರೆ ಬಿಟ್ಟುಬಿಡಿ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ. ಗಲ್ಲಾದ ಬಳಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಅದು 1ರಿಂದ ಶುರುವಾದರೆ ಪರವಾನಗಿ, 2ರಿಂದಾದರೆ ಚಿಕ್ಕ ಅಂಗಡಿಯ ನೋಂದಣಿ. ಸಂಖ್ಯೆ ಇದ್ದ ಮಾತ್ರಕ್ಕೆ ಅಡುಗೆಮನೆ ಚೊಕ್ಕಟ ಎಂದೇನಲ್ಲ. ದೂರು ಕೊಡಬೇಕಾದಾಗ ಮಾತ್ರ ಅದು ಬೇಕೇ ಬೇಕು.

ಇನ್ನು ಚಟ್ನಿ. ಹಸಿ ತೆಂಗಿನಕಾಯಿ, ನೀರು, ಬೇಯಿಸುವ ಮಾತಿಲ್ಲ. ತಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಇದೇ. ಸಂಜೆಯ ಇಡ್ಲಿ ಬಿಸಿಯಿದ್ದು ಚಟ್ನಿ ಬೆಳಗಿನದೆಂದು ಅನುಮಾನ ಬಂದರೆ, ಕುದಿಯುವ ಸಾಂಬಾರನ್ನೇ ಇನ್ನೊಂದು ಸೌಟು ಹಾಕಿಸಿಕೊಳ್ಳಿ.